ಇಪ್ಪತ್ತೆರಡು ಸೆಂಟಿಮೀಟರ್

ಹಾಪ್ಸಲುವಿನ ರಸ್ತೆ ಕಚೇರಿ, ರಾತ್ರಿ ಹನ್ನೊಂದು.
ಹೀಟರಿನ ಮೇಲೆ ಒಣಗುತ್ತಿವೆ ಕೈಗವಸು.
ಎಡಿಟರಿನ ಕಪ್ಪು ಪುಟದಲ್ಲಿ ಮೂವತ್ತೊಂದು ಸಾಲು.
ಇಷ್ಟೇ ಇದರ ಕೆಲಸ:
ಕಡಲ ತಳಕ್ಕೆ ನೆಟ್ಟ ಕಂಬ ಕರೆದರೆ ಏಳಬೇಕು,
ಮಂಜುಗಡ್ಡೆ ಎಷ್ಟು ದಪ್ಪ, ಕೇಳಬೇಕು,
ಇಪ್ಪತ್ತೆರಡು ಸೆಂಟಿಮೀಟರ್ ದಾಟಿದ್ದರೆ
ವೊರ್ಮ್ಸಿ ದ್ವೀಪದ ಫೋನುಗಳಿಗೆಲ್ಲ
'ದಾರಿ ತೆರೆದಿದೆ' ಎನ್ನಬೇಕು,
ಆಮೇಲೆ ಸಾಯಬೇಕು.

ಸಾಯುವುದನ್ನು ಎಂಡೆಲ್ ಒಪ್ಪುವುದಿಲ್ಲ.
ಮೂವತ್ತು ಚಳಿಗಾಲ ಬೈರಿಗೆ ಹೊತ್ತು
ಹೆಪ್ಪುಗಟ್ಟಿದ ಕಡಲಿಗೆ ತೂತು ಕೊರೆದವನು,
ಅಳತೆಕೋಲು ಇಳಿಸಿ, ಎತ್ತಿ,
ಮೀಸೆಯ ಹರಳು ಒರೆಸಿಕೊಂಡು
ಫೋನು ಮಾಡುತ್ತಿದ್ದವನು:
"ಕಾರು ಸರಿ. ಹಾಲಿನ ಲಾರಿ ಬೇಡ."
ನಿನ್ನೆ ನನ್ನ ತೆರೆಗೆ ಬಗ್ಗಿ ಕೇಳಿದ,
"ಇದರ ಮನೆ ಎಲ್ಲಿ?"
ಮನೆ ಇಲ್ಲ ಎಂದೆ. ಸರ್ವರ್‌ಲೆಸ್.
"ಸರ್ವರ್ ಇಲ್ಲದೆ ಹೇಗೆ?"
ಇದೆಯಪ್ಪ, ಬೇರೆಯವರದ್ದು.
"ಹಾಗಾದರೆ ಬಾಡಿಗೆ ಮನೆ ಅನ್ನು."
ಅದೂ ಅಲ್ಲ. ಕದ ತಟ್ಟಿದಾಗ ಮಾತ್ರ
ಇರುವ ಕೋಣೆ.
ತಲೆಯಾಡಿಸಿದ, ಹೌದೋ ಅಲ್ಲವೋ
ತಿಳಿಯದ ಹಾಗೆ.

ಎಡಬದಿಯ ಮೋಡದ ಚಿತ್ರ ಒತ್ತಿದೆ.
ಯಾವ ಊರಿಗೆ ಕಳಿಸಲಿ, ಎಂದಿತು ಎಡಿಟರು.
ಫ್ರಾಂಕ್‌ಫರ್ಟ್, ಡಬ್ಲಿನ್, ಸ್ಟಾಕ್‌ಹೋಮ್.
ಹತ್ತಿರದ್ದೇ ಇರಲಿ ಎಂದು
ಸ್ಟಾಕ್‌ಹೋಮಿನ ಮೇಲೆ ಇಟ್ಟ ಬೆರಳು
ಅಲ್ಲೇ ನಿಂತಿತು.

ನಲವತ್ತನಾಲ್ಕರ ಶರತ್ಕಾಲ, ದೀಪ ಆರಿಸಿದ ದೋಣಿ.
ಅಜ್ಜಿಯ ಅಕ್ಕ ಆಲ್ಮಾ ಹೋದದ್ದು ಇದೇ ನೀರಿನ ಮೇಲೆ.
ಹೊಲಿಗೆ ಯಂತ್ರದ ತಲೆ, ಎರಡು ರೊಟ್ಟಿ,
ಅಳದ ಹಾಗೆ ಬಾಯಿಗೆ ಬಟ್ಟೆ ಒತ್ತಿದ ಮಗು.
ತಲುಪಿದೆವು ಎಂಬ ಕಾಗದ
ಈ ದಡ ಮುಟ್ಟಲು ಹನ್ನೆರಡು ವರ್ಷ.

ಮೊದಲ ಸಲ ಕೆಂಪು: ಗುಟ್ಟಿನ ಕೀಲಿ ಇಡಲು ಮರೆತಿದ್ದೆ.
ಎರಡನೆಯ ಸಲವೂ ಕೆಂಪು: ಒಂದು ಅಲ್ಪವಿರಾಮ.
ಮೂರನೆಯ ಸಲ, ನಾನು ಚಹಾ ಬಗ್ಗಿಸಿಕೊಳ್ಳುವಷ್ಟರಲ್ಲಿ,
ದಡ ಸೇರಿ ಹಸಿರಾಯಿತು.

ಪರೀಕ್ಷೆಗೆಂದು ಒಮ್ಮೆ ಕರೆದೆ.
ಸದ್ದಿಲ್ಲ. ಒಂದು ಸೆಕೆಂಡು, ಒಂದೂವರೆ.
ಕೋಲ್ಡ್ ಸ್ಟಾರ್ಟ್ ಅನ್ನುತ್ತಾರೆ ಇದಕ್ಕೆ,
ಮಲಗಿದ್ದು ಮೈಮುರಿದು ಏಳುವ ಹೊತ್ತು.
ಆಮೇಲೆ ಬಂತು: ಒಂಬತ್ತು.
ಕಿಟಕಿಯಾಚೆಯ ಕೊಲ್ಲಿಯ ಸುದ್ದಿ
ಸ್ವೀಡನ್ನಿಗೆ ಹೋಗಿ ನನ್ನ ಮೇಜಿಗೆ ಬಂದು
ಯಾರಿಗೂ ಏನೂ ಹೇಳದೆ ಆರಿತು.

ಡಿಸೆಂಬರ್ ಪೂರ್ತಿ ಹೀಗೇ.
ಗಂಟೆಗೊಮ್ಮೆ ಎದ್ದು: ಎಂಟು. ಹನ್ನೊಂದು. ಆರು.
ಜನವರಿಯಲ್ಲಿ ಹದಿನೇಳಕ್ಕೆ ಏರಿದ ದಿನ
ದ್ವೀಪದ ಅಂಗಡಿಯ ಪಿರೆಟ್ ಮಗನಿಗೆ ಹೇಳಿಕೊಟ್ಟಳಂತೆ,
ಮಂಜಿನ ದಾರಿಯಲ್ಲಿ ಬೆಲ್ಟು ಕಟ್ಟಬಾರದು ಕಣೋ,
ಒಡೆದರೆ ಬಾಗಿಲು ತೆಗೆದು ಹಾರಬೇಕು.
ಮೀಸೆ ಮೂಡಿದೆ ಹುಡುಗನಿಗೆ,
ಇನ್ನೂ ಆ ದಾರಿ ಕಂಡಿಲ್ಲ.
ಗಾಳಿ ತಿರುಗಿತು. ಹನ್ನೆರಡು. ಏಳು.
ಫೆಬ್ರುವರಿಯಲ್ಲಿ ಒಂದು ಬೆಳಗ್ಗೆ ಸೊನ್ನೆ.
ಕಂಬ ಕೆಟ್ಟಿರಬೇಕೆಂದು ಓಡಿ ನೋಡಿದರೆ
ನೆಟ್ಟಗೆ ನಿಂತಿತ್ತು, ಸುತ್ತ ಬರೀ ನೀರು,
ತುದಿಯಲ್ಲೊಂದು ಕಡಲಕ್ಕಿ.

ಜನವರಿಯ ಬಿಲ್ಲು: ಸೊನ್ನೆ ಯೂರೋ, ಸೊನ್ನೆ ಸೆಂಟು.
ಏಳುನೂರ ನಲವತ್ತನಾಲ್ಕು ಸಲ ಎದ್ದು
ಇಲ್ಲ ಎಂದದ್ದಕ್ಕೆ ದುಡ್ಡಿಲ್ಲ.

ಮಾರ್ಚಿನಲ್ಲಿ ಎಂಡೆಲ್ ಫೋನು.
"ಏನಂತೆ ಕೂಸೆ, ನಿನ್ನದು?"
ನಾಲ್ಕು ಎಂದೆ.
"ನನ್ನ ಮೊಣಕಾಲೂ ಅದನ್ನೇ ಅಂದಿತ್ತು."
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ.
"ಅಳಿಸಿಬಿಡ್ತೀಯಾ?"
ಒಂದು ಒತ್ತು ಸಾಕು, ಎಂದೆ.
"ಇರಲಿ ಬಿಡು. ಅದಕ್ಕೇನು
ಊಟ ಹಾಕಬೇಕೆ?"

ಫೋನಿಟ್ಟು ಕಡತ ತೆರೆದೆ.
ಇಪ್ಪತ್ತಾರನೆಯ ಸಾಲು, 'ದಾರಿ ತೆರೆದಿದೆ'.
ಅಲ್ಲಿಯವರೆಗೆ ಒಮ್ಮೆಯೂ ಹೋಗಿಲ್ಲ ಅದು.
ಒಂದಕ್ಷರ ತಪ್ಪಿತ್ತು,
ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ.
ತಿದ್ದಿ
ಮತ್ತೆ ಕಳಿಸಿದೆ.